ಅಪ್ಪಾಸಾಬರ ಬಾಗಿಲಿಗೆ ಬಂದ ಯುದ್ಧವಿಮಾನ

ರಬಕವಿಯ ಜೈನರ ಓಣಿಯಲ್ಲಿ ಧನಪಾಲನ ಹೆಸರು ಎತ್ತಿದರೆ ಜನ ಮೊದಲು ಮೂಗು ಮುರಿಯುತ್ತಿದ್ದರು, ಆಮೇಲೆ ನಗುತ್ತಿದ್ದರು. ಅಲ್ಲ, ನಗುವುದಕ್ಕಾದರೂ ಏನಿತ್ತು? ಬನಹಟ್ಟಿಯಲ್ಲಿ ನೂಲಿನ ಅಂಗಡಿ ಇಟ್ಟುಕೊಂಡು, ಒಬ್ಬರ ತಂಟೆಗೆ ಹೋಗದೆ, ಹೊತ್ತು ಮುಳುಗುವ ಮುಂಚೆ ಉಂಡು ಮುಗಿಸುವ ನಡುವಯಸ್ಸಿನ ಮನುಷ್ಯ. ಅವನಿಗಿದ್ದದ್ದು ಒಂದೇ ಚಟ. ವಾರಕ್ಕೊಮ್ಮೆ ನಸುಕಿನಲ್ಲಿ ಸ್ಕೂಟರಿನ ಮುಂದೆ ರಟ್ಟಿನ ಡಬ್ಬಿ ಇಟ್ಟುಕೊಂಡು ಹಿಪ್ಪರಗಿ ದಾರಿ ಹಿಡಿಯುತ್ತಿದ್ದ. ಡಬ್ಬಿಯೊಳಗೆ ಮೊಳದುದ್ದದ ಯುದ್ಧವಿಮಾನ.

ಆಡುವ ವಿಮಾನವೇ. ಥರ್ಮಾಕೋಲಿಗಿಂತ ಸ್ವಲ್ಪ ಗಟ್ಟಿಯಾದ ಫೋಮಿನ ಮೈ, ಮೂತಿಗೆ ಪ್ಲಾಸ್ಟಿಕ್ಕಿನ ಪಂಖ, ಹಳೆಯ ಮಹಾಯುದ್ಧದ ವಿಮಾನಗಳಿಗಿದ್ದಂಥ ಬೂದುಹಸಿರು ಬಣ್ಣ, ರೆಕ್ಕೆಯ ಮೇಲೆ ಗೆರೆ ಎಳೆದು ತೋರಿಸಿದ ಬಂದೂಕಿನ ನಳಿಗೆಗಳು. ಕಾರ್ಖಾನೆಯಲ್ಲೇ ಪೂರಾ ಜೋಡಿಸಿ ಕಳಿಸುತ್ತಾರೆ. ಬ್ಯಾಟರಿ ಕೂಡಿಸಿ, ರಿಮೋಟು ಹಿಡಿದು, ಗಾಳಿಗೆ ಎದುರಾಗಿ ಎಸೆದರೆ ಹಾರಿತು. ಯುದ್ಧದ್ದೇ ಯಾಕೆ ತಂದಿ ಎಂದು ಕೇಳಿದವರಿಗೆ ಅವನ ಉತ್ತರ ಒಂದೇ: ಸಣ್ಣವುಗಳಲ್ಲಿ ನೆಟ್ಟಗೆ ಹಾರುವುದು ಇದೇ.

ಹಾರಿಸುತ್ತಿದ್ದದ್ದು ಮಹಾಲಿಂಗನ ಹೊಲದಲ್ಲಿ. ಕಬ್ಬು ಕಡಿದು, ಒಣಗರಿಯ ರವದಿ ತೆಗೆದಮೇಲೆ ಅಲ್ಲಿ ಒಂದು ಗಿಡವಿಲ್ಲ, ಒಂದು ತಂತಿಯಿಲ್ಲ. ಬೆಳಗಿನ ಗಾಳಿ ಇನ್ನೂ ಏಳದ ಹೊತ್ತಿನಲ್ಲಿ ವಿಮಾನ ಹೊಳೆಯ ಕಡೆಗೆ ಹೋಗಿ, ಒಂದು ರೆಕ್ಕೆ ಕೆಳಗೆ ಮಾಡಿ, ನಿಧಾನವಾಗಿ ತಿರುಗಿ ಬರುತ್ತಿತ್ತಲ್ಲ, ಆ ತಿರುವಿಗಾಗಿಯೇ ಧನಪಾಲ ಅಲ್ಲಿಯವರೆಗೆ ಹೋಗುತ್ತಿದ್ದ. ಆ ಒಂದು ಕ್ಷಣ ಅವನಿಗೆ ನೂಲಿನ ದರ, ಮಗ್ಗದವರ ಕಿರಿಕಿರಿ, ಓಣಿಯ ಮಾತು ಯಾವುದೂ ನೆನಪಿರುತ್ತಿರಲಿಲ್ಲ. ನೋಡಲು ನಿಂತವರಿಗೆ ಮಾತ್ರ ಆ ತಿರುವು ಕಾಣುತ್ತಲೇ ಇರಲಿಲ್ಲ.

"ಸಾವ್ಕಾರ್ರ, ಇದು ಬಾಂಬ್ ಹಾಕತೈತೇನ್ರಿ?" ಎಂದು ಮಹಾಲಿಂಗನೇ ಕೇಳಿದ್ದ.

"ಹಾಕೂದಿಲ್ಲ."

"ಹಂಗಾದ್ರ ಯುದ್ಧದ ವಿಮಾನ ಹೆಂಗ ಆತರಿ? ಒಂದ್ ಪಟಾಕಿನಾರ ಕಟ್ರಿ. ವಿಡಿಯೋ ಮಾಡೂಣು."

ದಾರಿಯಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ ನೋಡಿದವರೂ ಇದನ್ನೇ ಕೇಳುತ್ತಿದ್ದರು. ಏನು ಒಡೆಯುತ್ತದೆ, ಯಾರು ಸಾಯುತ್ತಾರೆ. ಥೂ, ಇವರ ಕಣ್ಣಿಗೆ ಬೇರೇನೂ ಬೀಳುವುದಿಲ್ಲವೇ ಎಂದು ಧನಪಾಲನಿಗೆ ವಾಕರಿಕೆ ಬರುತ್ತಿತ್ತು. ಆದರೂ ಯಾರಾದರೂ ಮುಟ್ಟಿ ನೋಡುತ್ತೇನೆಂದರೆ ಕೊಡುತ್ತಿದ್ದ. ಕೊಡುವ ಮೊದಲು ಒಂದು ಮಾತು ತಪ್ಪದೆ ಹೇಳುತ್ತಿದ್ದ: "ಬ್ಯಾಟರಿ ಕೂಡಿಸಿದ ಮ್ಯಾಲ ಮೂತಿ ಕಡೆ ಕೈ ತರಬ್ಯಾಡ್ರಿ. ರಿಮೋಟಿಗಿ ಯಾರರ ಕೈ ತಾಗಿದ್ರ ಪಂಖ ತಿರಗತೈತಿ, ಬೆರಳ ಹೋಗತೈತಿ." ಹೆಂಡತಿ ಪ್ರಾಚಿ ಡಬ್ಬಿಯ ಧೂಳು ಒರೆಸುವಾಗಲೂ ಹೇಳುತ್ತಿದ್ದ. ಬ್ಯಾಟರಿಯೇ ಇಲ್ಲದಾಗಲೂ ಹೇಳುತ್ತೀರಲ್ಲ ಎಂದು ಅವಳು ನಗುತ್ತಿದ್ದಳು.

ಓಣಿಯಲ್ಲಿ ಈ ವಿಮಾನವನ್ನು ಕಂಡರೆ ಆಗದವರು ಅಪ್ಪಾಸಾಬರು. ಬಸದಿಯ ಕಮಿಟಿಯ ಹಿರಿಯರು, ಮಾತು ನಡೆಯುವವರು. ಪೇಟೆಯಲ್ಲಿ ಬೆಳೆಗೆ ಹೊಡೆಯುವ ಔಷಧದ ದೊಡ್ಡ ಅಂಗಡಿ ಅವರದು. ಹುಳ ಸಾಯಬೇಕು, ಅದರ ತತ್ತಿಯೂ ಸಾಯಬೇಕು ಎಂದು ರೈತರಿಗೆ ದಿನವಿಡೀ ಹೇಳಿ, ಸಂಜೆ ಬಸದಿಯ ಕಟ್ಟೆಯ ಮೇಲೆ ಕುಂತು ಅಹಿಂಸೆಯ ಮಾತಾಡುವ ಮನುಷ್ಯ. ಚೈತ್ರದ ಬಿಸಿಲು ಶುರುವಾಗುವ ಹೊತ್ತಿಗೆ ದಿಗಂಬರ ಮುನಿ ಮಹಾರಾಜರೊಬ್ಬರು ರಬಕವಿಗೆ ಬರುತ್ತಾರೆಂದು ಗೊತ್ತಾಯಿತು. ಮಹಾರಾಜರು ದಿನಕ್ಕೆ ಒಂದೇ ಸಲ, ನಿಂತುಕೊಂಡು, ಬೊಗಸೆಯಲ್ಲಿ ಉಣ್ಣುವವರು. ಅವರಿಗೆ ಆಹಾರ ಕೊಡುವ ಮನೆಗಳಲ್ಲಿ ಚೌಕಾ ಹಾಕಬೇಕು, ಅಂದರೆ ಮಡಿಯಲ್ಲಿ ಬೇರೆ ಅಡುಗೆ ನಡೆಯಬೇಕು. ಪ್ರಾಚಿ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಬಯಸಿದ್ದು ಅದೊಂದನ್ನೇ.

ಅವಳು ಬಸದಿಗೆ ಹೋಗಿ ಕೇಳಿದಾಗ ಅಪ್ಪಾಸಾಬರು ಎಲ್ಲರ ಎದುರಿಗೇ ಹೇಳಿದರು: "ಮನ್ಯಾಗ ಯುದ್ಧದ ವಿಮಾನ ಇಟ್ಕೊಂಡ ಮ್ಯಾಲ ಮಹಾರಾಜರ ಆಹಾರ ಅಲ್ಲಿ ಹೆಂಗ ಆಗಬೇಕವ್ವಾ? ಮೊದಲ ಆ ಹಿಂಸಾ ಹೊರಗ ಹಾಕ್ರಿ."

ಪ್ರಾಚಿ ಮನೆಗೆ ಬಂದು ಗಂಡನಿಗೆ ಇದನ್ನು ಹೇಳಿದಳೇ ಹೊರತು ವಿಮಾನ ಬಿಸಾಡಿರಿ ಅನ್ನಲಿಲ್ಲ. ಅವಳು ಹಾಗೆ ಅನ್ನದೇ ಇದ್ದದ್ದೇ ಧನಪಾಲನನ್ನು ಹೆಚ್ಚು ಸುಟ್ಟಿತು. ಕೀಟನಾಶಕದ ಡಬ್ಬಿಯ ಮೇಲೆ ತಲೆಬುರುಡೆಯ ಚಿತ್ರ ಇರುತ್ತದೆ, ಅದು ಹಿಂಸೆಯಲ್ಲ. ಹೊಲದ ಮೇಲೆ ಒಂದು ಸುತ್ತು ಹಾಕಿ ಬರುವ ಫೋಮಿನ ತುಂಡು ಹಿಂಸೆ. ಅವತ್ತಿನಿಂದ ಅಪ್ಪಾಸಾಬರು ಎದುರಾದರೆ ಅವನಿಗೆ ಆ ಔಷಧದ ವಾಸನೆಯೇ ಮೂಗಿಗೆ ಹೊಡೆಯುತ್ತಿತ್ತು.

ಮಹಾರಾಜರು ಬಂದದ್ದು ಹಿಪ್ಪರಗಿ ದಾರಿಯಿಂದ, ಹೊತ್ತು ಹುಟ್ಟಿದ ಮೇಲೆ. ಧನಪಾಲನಿಗೆ ಅದು ಗೊತ್ತಿರಲಿಲ್ಲ. ವಿಮಾನ ಹೊಳೆಯ ಕಡೆ ಹೋಗಿ ರೆಕ್ಕೆ ಇಳಿಸಿ ತಿರುಗುವಾಗ ದಾರಿಯ ಮೇಲೆ ಜನ ನಿಂತದ್ದು ಕಂಡಿತು. ಮುಂದೆ ಮಹಾರಾಜರು, ಕೈಯಲ್ಲಿ ನವಿಲುಗರಿಯ ಪಿಂಛಿ, ತಲೆ ಎತ್ತಿ ಮೇಲೆ ನೋಡುತ್ತಿದ್ದರು. ಅವರ ಹಿಂದೆ ಅಪ್ಪಾಸಾಬರು ಹಲ್ಲು ಕಡಿಯುತ್ತ ನಿಂತಿದ್ದರು. ಧನಪಾಲ ಗಾಬರಿಬಿದ್ದು ವಿಮಾನವನ್ನು ಕಬ್ಬಿನ ಕೂಳೆಯ ಮೇಲೆ ಹೇಗೋ ಇಳಿಸಿ, ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಕೈ ಮುಗಿದ. ಮಹಾರಾಜರು ಪಿಂಛಿ ಎತ್ತಿ ಆಶೀರ್ವಾದ ಮಾಡಿ ನಡೆದರು.

ಆಮೇಲೆ ಊರಿಗೆ ಕಷ್ಟ ಶುರುವಾಯಿತು. ಆಹಾರಕ್ಕೆ ಹೊರಡುವ ಮುಂಚೆ ಕೆಲವು ಮುನಿಗಳು ಮನಸ್ಸಿನಲ್ಲೇ ಒಂದು ಸಂಕಲ್ಪ ಮಾಡುತ್ತಾರೆ. ಇಂಥದ್ದೊಂದು ಕಂಡ ಬಾಗಿಲಲ್ಲಿ ಮಾತ್ರ ನಿಲ್ಲುತ್ತೇನೆ, ಕಾಣದಿದ್ದರೆ ಉಪವಾಸ ಎಂದು. ಅದು ಏನೆಂದು ಯಾರಿಗೂ ಹೇಳುವುದಿಲ್ಲ. ಮೊದಲ ದಿನ ಮಹಾರಾಜರು ಎಲ್ಲ ಬಾಗಿಲುಗಳ ಮುಂದೆ ಹಾದು ಬಸದಿಗೆ ವಾಪಸು ಹೋದರು. ಮರುದಿನ ಜನ ಕಳಶ ಹಿಡಿದರು, ತೆಂಗಿನಕಾಯಿ ಹಿಡಿದರು, ಮಾವು, ದಾಳಿಂಬೆ, ಕಬ್ಬಿನ ಜಲ್ಲೆ ಹಿಡಿದರು. ಒಬ್ಬರು ಮದುವೆಯ ಬಾಸಿಂಗ ಕಟ್ಟಿಕೊಂಡು ನಿಂತರು. ಇನ್ನೊಬ್ಬರು ಬಾಗಿಲಿಗೆ ಆಕಳ ಕರು ಕಟ್ಟಿದರು. ಮಹಾರಾಜರು ಅವತ್ತೂ ಬರಿಹೊಟ್ಟೆಯಲ್ಲಿ ಹೋದರು. ಆ ಬಿಸಿಲಿನಲ್ಲಿ ಎರಡು ದಿನ ಒಂದು ಗುಟುಕು ನೀರೂ ಇಲ್ಲ. ಅವರಿಗೆ ಏನಾದರೂ ಆದರೆ ಗತಿಯೇನು ಎಂದು ಓಣಿಯ ಹೆಂಗಸರು ಕಣ್ಣೀರು ಹಾಕತೊಡಗಿದರು. ಪ್ರಾಚಿಗೂ ಊಟ ಸೇರಲಿಲ್ಲ.

ಅವತ್ತು ಮಧ್ಯಾಹ್ನ ಅಪ್ಪಾಸಾಬರು ಧನಪಾಲನ ಮನೆಗೆ ಬಂದರು. ಜೊತೆಗೆ ಮಗ ಅರಿಹಂತ, ಮೀಸೆ ಬಂದ ಗಂಡಸು, ಅಂಗಡಿ ನೋಡಿಕೊಳ್ಳುವವನು. ಅಪ್ಪಾಸಾಬರು ಕುರ್ಚಿಯ ತುದಿಯಲ್ಲಿ ಕುಂತು, ಕೊಟ್ಟ ನೀರು ಕುಡಿಯದೆ, ನೆಲ ನೋಡುತ್ತ ಮಾತು ತೆಗೆದರು.

"ಧನಪಾಲ, ಮಹಾರಾಜರು ಬರುವಾಗ ದಾರ‍್ಯಾಗ ಎಲ್ಲೂ ನಿಂತಿಲ್ಲ. ನಿಂತದ್ದು ನಿನ್ನ ಹೊಲದ ಹತ್ರ ಒಂದ."

"ನನ್ನ ಹೊಲ ಅಲ್ಲ ಕಾಕಾ. ಮಹಾಲಿಂಗಂದು."

"ಯಾರದರ ಇರಲಿ. ಅವರು ಮ್ಯಾಲ ನೋಡಿದ್ದು ನಾ ಕಣ್ಣಾರೆ ಕಂಡೇನಿ. ಸಂಕಲ್ಪ ಅದ ಐತಿ. ನನಗ ಖಾತ್ರಿ ಆಗೈತಿ."

ಧನಪಾಲನಿಗೆ ನಗು ಬರಬೇಕಿತ್ತು, ಬರಲಿಲ್ಲ. ಪ್ರಾಚಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಅವಳ ಮುಖದಲ್ಲಿ ಆಸೆ ಮೂಡಿದ್ದು ಅವನಿಗೆ ಕಂಡಿತು. ಹಾಗಾದರೆ ನಾಳೆ ನಮ್ಮ ಬಾಗಿಲಲ್ಲಿ ನಿಲ್ಲಬಹುದು ಎಂದು ಅವಳು ಎಣಿಸಿದ್ದಳು. ಅವನೂ ಹಾಗೆಯೇ ಎಣಿಸಿದ್ದ.

"ಒಂದ್ ಹೊತ್ತಿಗಿ ಕೊಡು," ಅಂದರು ಅಪ್ಪಾಸಾಬರು. "ನಾಳಿ ನಮ್ಮ ಬಾಗಲ್ದಾಗ ಹಿಡಕೊಂಡ ನಿಲ್ತೇವಿ. ಆದಕೂಡ್ಲೆ ಅರಿಹಂತ ತಂದ ಕೊಡ್ತಾನ."

ಧನಪಾಲ ಅವರ ಮುಖ ನೋಡಿದ. ನೋಡಿರಿ, ಮನುಷ್ಯನಿಗೆ ನಾಚಿಕೆ ಅನ್ನುವುದು ಎಷ್ಟು ಬೇಗ ಬಿಟ್ಟುಹೋಗುತ್ತದೆ! ಮೊನ್ನೆ ಈ ಮನೆಗೆ ಹಿಂಸೆ ಅಂಟಿಸಿದ್ದು ಇದೇ ವಿಮಾನ, ನಾಳೆ ತಮ್ಮ ಮನೆಗೆ ಪುಣ್ಯ ತರುವುದೂ ಇದೇ ವಿಮಾನ. ಚೌಕಾ ಅವರದು, ಬಾಗಿಲು ಅವರದು, ಹೆಸರು ಅವರದು. ಧನಪಾಲನಿಗೆ ಮೈಮೇಲೆ ಹಲ್ಲಿ ಹರಿದುಹೋದಂತಾಯಿತು. ಎದ್ದು ಹೊರಗೆ ನಡೆಯಿರಿ ಎನ್ನಬೇಕೆಂದು ಬಾಯಿ ತೆರೆದ.

"ಕೊಡ್ರಿ," ಅಂದಳು ಪ್ರಾಚಿ.

"ಪ್ರಾಚಿ, ನೀ ಸುಮ್ನಿರು."

"ಕೊಡ್ರಿ ಅಂದೆ. ಯಾರ ಬಾಗಲಾದ್ರೇನು? ಅವರ ಹೊಟ್ಟಿಗಿ ಒಂದ್ ತುತ್ತ ಬೀಳಲಿ." ಅಪ್ಪಾಸಾಬರು ತಲೆ ಎತ್ತಲಿಲ್ಲ.

ಧನಪಾಲ ಡಬ್ಬಿ ತಂದು ಮೇಜಿನ ಮೇಲೆ ಇಟ್ಟ. ಅಪ್ಪಾಸಾಬರು ವಿಮಾನವನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಇಲಿಯನ್ನು ಹಿಡಿದಂತೆ ಹಿಡಿದರು. ಬಂದೂಕಿನ ನಳಿಗೆ ಕಾಣಬಾರದು, ಅದರ ಮೇಲೆ ಅರಿಷಿಣ ಬಳಿಯುತ್ತೇವೆ, ನಡುವೆ ಒಂದು ಸ್ವಸ್ತಿಕ ಬರೆಯುತ್ತೇವೆ, ನಡೆದೀತೇ ಎಂದು ಕೇಳಿದರು. ನಡೆದೀತು ಎಂದ. ಆಮೇಲೆ ಅವರು ಇನ್ನೊಂದು ಮಾತು ತೆಗೆದರು: ಮಹಾರಾಜರು ನೋಡಿದಾಗ ಪಂಖ ತಿರುಗುತ್ತಿತ್ತು, ಆದ್ದರಿಂದ ಬಾಗಿಲಲ್ಲೂ ತಿರುಗಬೇಕು. ಸಂಕಲ್ಪ ಅಂದರೆ ಕಂಡದ್ದು ಕಂಡ ಹಾಗೇ ಇರಬೇಕು. ಒಂದು ಕೂದಲೆಳೆ ಹೆಚ್ಚುಕಮ್ಮಿ ಆದರೂ ಮಹಾರಾಜರು ಮುಂದೆ ಹೋಗಿಬಿಡುತ್ತಾರೆ.

"ಅರಿಹಂತ ರಿಮೋಟ್ ಹಿಡಿತಾನ, ನಾ ವಿಮಾನ ಹಿಡಿತೇನಿ. ಹೆಂಗ ಚಾಲೂ ಮಾಡೂದು ಅಷ್ಟ ತೋರ್ಸು."

ಧನಪಾಲ ತೋರಿಸಿದ. ಮೊದಲು ರಿಮೋಟು, ಆಮೇಲೆ ಬ್ಯಾಟರಿ. ಈ ಕಡ್ಡಿ ಮೇಲೆ ತಳ್ಳಿದರೆ ಪಂಖ ತಿರುಗುತ್ತದೆ, ಕೆಳಗೆ ಎಳೆದರೆ ನಿಲ್ಲುತ್ತದೆ. ಅಪ್ಪಾಸಾಬರು ಹೇಗೆ ಹಿಡಿಯುವುದೆಂದು ನೋಡುತ್ತ, ಒಂದು ಕೈ ಹೊಟ್ಟೆಯ ಕೆಳಗಿಟ್ಟು, ಇನ್ನೊಂದನ್ನು ಮೂತಿಯ ಹತ್ತಿರ ತಂದು, ತೆಂಗಿನಕಾಯಿ ಹಿಡಿದಂತೆ ಹಿಡಿದರು. ವರ್ಷಾನುಗಟ್ಟಲೆ ಆಡಿದ ಆ ಮಾತು ಧನಪಾಲನ ನಾಲಿಗೆಯ ತುದಿಗೆ ತಾನಾಗಿ ಬಂತು. ಅವನು ಅದನ್ನು ನುಂಗಿದ. ಬೇಕೆಂತಲೇ ನುಂಗಿದ. ಒಂಚೂರು ಕಡಿಯಲಿ, ಈ ಮುದುಕನಿಗೆ ಒಂಚೂರು ಬುದ್ಧಿ ಬರಲಿ ಅನ್ನಿಸಿತು. ಪ್ರಾಚಿ ಆಗ ಒಳಗೆ ಹೋಗಿದ್ದಳು.

ಮರುದಿನ ಓಣಿ ತುಂಬ ಜನ. ಅಪ್ಪಾಸಾಬರು ಮಡಿಯ ಬಿಳಿ ಧೋತರ ಉಟ್ಟು, ಅರಿಷಿಣ ಮೆತ್ತಿದ ಯುದ್ಧವಿಮಾನವನ್ನು ಎದೆಯ ಮಟ್ಟಕ್ಕೆ ಹಿಡಿದು ನಿಂತಿದ್ದರು. ಪಕ್ಕದಲ್ಲಿ ಹೆಂಡತಿ ಪದ್ಮವ್ವ ಕಳಶ ಹಿಡಿದಿದ್ದರು, ಹಿಂದೆ ಅರಿಹಂತ ರಿಮೋಟು ಹಿಡಿದಿದ್ದ. ಪಂಖ ಸಣ್ಣಗೆ ತಿರುಗುತ್ತಿತ್ತು. ಎದುರಿನ ಕಟ್ಟೆಯಲ್ಲಿ ಧನಪಾಲ ಮುಖ ಸಿಂಡರಿಸಿಕೊಂಡು ನಿಂತ. ಯಾರೂ ನಗದೇ ಇದ್ದದ್ದು ಅವನಿಗೆ ಇನ್ನಷ್ಟು ಹೇಸಿಗೆ ತಂದಿತು.

ಮಹಾರಾಜರು ಆಹಾರಕ್ಕೆ ಹೊರಟ ಗುರುತಾಗಿ ಬಲಗೈ ಹೆಗಲಿಗೆ ತಾಗಿಸಿ ನಿಧಾನವಾಗಿ ಬಂದರು. ಮೂರನೇ ದಿನದ ಹಸಿವು ಅವರ ಕಾಲಿನಲ್ಲಿ ಕಾಣುತ್ತಿತ್ತು. ಬಾಗಿಲುಗಳನ್ನು ಒಂದೊಂದಾಗಿ ದಾಟಿ ಬಂದರು. "ನಮೋಸ್ತು ಮಹಾರಾಜ, ಅತ್ರ ತಿಷ್ಠ ತಿಷ್ಠ" ಎಂದು ಅಪ್ಪಾಸಾಬರು ಇಲ್ಲೇ ನಿಲ್ಲುವಂತೆ ಕರೆದರು. ಮಹಾರಾಜರು ಅವರ ಬಾಗಿಲ ಮುಂದೆ ನಿಂತುಬಿಟ್ಟರು.

ಓಣಿಗೆ ಓಣಿಯೇ ಉಸಿರು ಬಿಟ್ಟಿತು. ಪ್ರಾಚಿ ಕಣ್ಣು ಮುಚ್ಚಿ ಕೈ ಮುಗಿದಳು. ಅಪ್ಪಾಸಾಬರ ಕಣ್ಣಿಂದ ನೀರು ಇಳಿಯುತ್ತಿತ್ತು. ಮಹಾರಾಜರಿಗೆ ಮೂರು ಸುತ್ತು ಪ್ರದಕ್ಷಿಣೆ ಹಾಕಿ ಒಳಗೆ ಕರೆದೊಯ್ಯಬೇಕು. ಅಪ್ಪಾಸಾಬರು ಹೆಜ್ಜೆ ಎತ್ತಿದರು. ಅವರ ಹಿಂದೆ ಹೊರಟ ಅರಿಹಂತ ಸಂಭ್ರಮದಲ್ಲಿ ಕೈ ಮುಗಿಯಲು ಹೋದ. ಕೈಯಲ್ಲಿದ್ದ ರಿಮೋಟಿನ ಕಡ್ಡಿ ಎದೆಗೆ ತಾಗಿ ಪೂರ್ತಿ ಮೇಲೆ ಹೋಯಿತು. ಪಂಖ ಕಿರ್ ಎಂದು ಕೂಗಿತು, ವಿಮಾನ ಕೈಯಿಂದ ಜಿಗಿಯಿತು, ಅಪ್ಪಾಸಾಬರು ಅದನ್ನು ಮೂತಿಯ ಕಡೆಯಿಂದಲೇ ಅವಚಿ ಹಿಡಿದರು.

ಗಾಯ ದೊಡ್ಡದೇನಲ್ಲ. ತೋರುಬೆರಳಿನ ತುದಿ ಸೀಳಿತ್ತು. ರಕ್ತ ಬಿಳಿ ಧೋತರದ ಮೇಲೆ ಬಿತ್ತು, ಆಮೇಲೆ ರಂಗೋಲಿಯ ಮೇಲೆ, ಮಹಾರಾಜರ ಪಾದದ ಎದುರಿಗೆ. ಮಹಾರಾಜರು ನೋಡಿದರು. ಆಹಾರದ ಹೊತ್ತಿನಲ್ಲಿ ರಕ್ತ ಕಂಡರೆ ಅಂತರಾಯ, ಅವತ್ತಿನ ಊಟ ಅಲ್ಲಿಗೆ ಮುಗಿಯಿತು. ಅವರು ಹೆಗಲ ಮೇಲಿನ ಕೈ ಇಳಿಸಿ, ಯಾರ ಮೇಲೂ ಸಿಟ್ಟಿಲ್ಲದ ಮುಖದಿಂದ ತಿರುಗಿ, ಬಂದ ದಾರಿಯಲ್ಲೇ ನಡೆದುಹೋದರು. ಕಟ್ಟೆ ಹಿಡಿದುಕೊಂಡು ಒಂದು ಕಡೆ ನಿಂತು ಸುಧಾರಿಸಿಕೊಂಡದ್ದನ್ನು ಎಲ್ಲರೂ ಕಂಡರು. ಧನಪಾಲನೂ ಕಂಡ. ಮುದುಕನಿಗೆ ಕಡಿಯಲಿ ಎಂದಿದ್ದ. ಕಡಿದದ್ದು ಈ ಹಸಿದ ಹೊಟ್ಟೆಯನ್ನು. ಅವನ ಬಾಯಿಯಲ್ಲಿ ಕಹಿ ನೀರೂರಿತು, ಓಣಿಯ ಮೂಲೆಗೆ ಹೋಗಿ ಉಗುಳಿ ಬಂದ.

ಮನೆಯಲ್ಲಿ ಪ್ರಾಚಿ ಕೇಳಿದಳು. "ಮೂತಿ ಕಡೆ ಕೈ ತರಬ್ಯಾಡ್ರಿ ಅಂತ ಹೇಳಿದ್ರಿಲ್ಲೋ?"

"ಹೇಳಿದ್ದೆ," ಅಂದ ಧನಪಾಲ.

ಅವಳು ನಂಬಿದಳು. ನಂಬದೆ ಏನು, ಯಾರು ಮುಟ್ಟಿದರೂ ಹೇಳುವ ಗಂಡ.

ಸಂಜೆ ಅಪ್ಪಾಸಾಬರು ಬೆರಳಿಗೆ ಪಟ್ಟಿ ಕಟ್ಟಿಕೊಂಡು, ವಿಮಾನದ ಡಬ್ಬಿ ಹಿಡಿದುಕೊಂಡು ಬಂದರು. ಅರಿಷಿಣವನ್ನು ತಾವೇ ಒರೆಸಿದ್ದರು. ಈ ಸಲ ಕುರ್ಚಿಯಲ್ಲಿ ಕೂಡಲಿಲ್ಲ.

"ನಿಮಗ ಬ್ಯಾಡ ಅಂದು ನಾ ಹಿಡಕೊಂಡ ನಿಂತೆ ನೋಡ್ರಿ. ನನ್ನ ಆಸೆ ಅಡ್ಡ ಬಂತು," ಎಂದು ಪ್ರಾಚಿಯ ಕಡೆ ತಿರುಗಿದರು. "ತಂಗೀ, ನಾಳಿ ಚೌಕಾ ನಿನ್ನ ಮನ್ಯಾಗ ಹಾಕು. ಪದ್ಮವ್ವ ಕೈಗೂಡಸಾಕ ಬರ್ತಾಳ. ನನಗ ಗಾಯ ಆಗೈತಿ, ನಾ ನಿಲ್ಲೂಹಂಗಿಲ್ಲ."

"ಇವರು ಹೇಳಿದ್ರಂತಲ್ರಿ ಕಾಕಾ, ಮೂತಿ ಹಿಡೀಬ್ಯಾಡ್ರಿ ಅಂತ," ಅಂದಳು ಪ್ರಾಚಿ, ಬೈಯಲು ಅಲ್ಲ, ಕನಿಕರದಿಂದ.

ಅಪ್ಪಾಸಾಬರು ಹುಬ್ಬು ಗಂಟಿಕ್ಕಿ ನೆನಪು ಮಾಡಿಕೊಂಡರು.

"ಹೇಳಿರಬೇಕವ್ವಾ," ಅಂದರು. "ನಾ ಗಡಿಬಿಡ್ಯಾಗ ಕೇಳಿರಲಿಕ್ಕಿಲ್ಲ. ನಂದ ತಪ್ಪು."

ಆ ಮನುಷ್ಯನಲ್ಲಿ ಇನ್ನು ಹೇಸುವುದಕ್ಕೆ ಏನೂ ಉಳಿಯಲಿಲ್ಲ. ಇದ್ದ ಹೇಸಿಗೆಯೆಲ್ಲ ಧನಪಾಲನ ಮೇಲೆಯೇ ಬಂದು ಬಿತ್ತು. ಅವತ್ತು ಅವನು ಉಣ್ಣಲು ಕುಂತು, ತುತ್ತು ಕಲಸಿ, ಹಾಗೇ ಬಿಟ್ಟು ಎದ್ದ.

ಮರುದಿನ ಪ್ರಾಚಿ ಮಡಿಸೀರೆ ಉಟ್ಟು, ಕೈಯಲ್ಲಿ ಕಳಶ ಹಿಡಿದು, ತನ್ನ ಬಾಗಿಲಲ್ಲಿ ನಿಂತಳು. ಪಕ್ಕದಲ್ಲಿ ಗಂಡ. ಮಹಾರಾಜರು ಬಂದರು, ಬಾಗಿಲುಗಳನ್ನು ದಾಟಿದರು, ಅವಳ ಮುಂದೆ ನಿಂತರು. ಯಾಕೆ ನಿಂತರು, ಏನು ಕಂಡಿತು, ಅವರಿಗೇ ಗೊತ್ತು. ಗಂಡ ಹೆಂಡತಿ ಮೂರು ಸುತ್ತು ಬಂದರು. ಇನ್ನು ಉಳಿದದ್ದು ಶುದ್ಧಿಯ ಮಾತು. ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರ ಜಲ ಶುದ್ಧ ಎಂದು ಕೊಡುವವರು ಬಾಯಿಬಿಟ್ಟು ಹೇಳಬೇಕು, ಆಮೇಲೆ ಮುನಿಗಳು ಒಳಗೆ ಕಾಲಿಡುತ್ತಾರೆ.

ಪ್ರಾಚಿ ಶುರುಮಾಡಿದಳು. ಧನಪಾಲ ಬಾಯಿ ತೆರೆದ. ಮನ ಅಂದ. ಮುಂದಿನದು ಬರಲಿಲ್ಲ. ಮಹಾರಾಜರು ಅವನನ್ನೇ ನೋಡುತ್ತಿದ್ದರು. ಬತ್ತಿದ ತುಟಿ, ಗುಳಿಬಿದ್ದ ಕಣ್ಣು. ಈ ಮುಖದ ಎದುರಿಗೆ ಮನಸ್ಸು ಶುದ್ಧ, ಮಾತು ಶುದ್ಧ ಎಂದು ಹೇಳಿದರೆ ತನಗಿಂತ ಹೊಲಸು ಈ ಓಣಿಯ ಗಟಾರದಲ್ಲೂ ಇರಲಿಕ್ಕಿಲ್ಲ ಅನ್ನಿಸಿತು. ಹೇಳದೆ ನಿಂತರೆ ಅವರು ಇವತ್ತೂ ಹಸಿದು ಹೋಗುತ್ತಾರೆ.

"ಪ್ರಾಚಿ, ನೀ ಒಬ್ಬಾಕಿನ ಹೇಳು," ಎಂದು ಮೆಲ್ಲಗೆ ಅಂದು, ಹಿಂದಕ್ಕೆ ಸರಿದು, ಮೆಟ್ಟಿಲಿಳಿದುಬಿಟ್ಟ.

ಪ್ರಾಚಿ ತಿರುಗಿ ಅವನ ಮುಖ ನೋಡಿದಳು. ಅಷ್ಟರಲ್ಲೇ ಅವಳಿಗೆ ತಿಳಿಯಿತು. ಎಲ್ಲವನ್ನೂ ಮೊದಲಿನಿಂದ, ಒಬ್ಬಳೇ, ಸ್ಪಷ್ಟವಾಗಿ ಹೇಳಿದಳು. ಮಹಾರಾಜರು ಒಳಗೆ ಹೋದರು. ಪದ್ಮವ್ವ ಬಾಗಿಲಿಗೆ ಪರದೆ ಎಳೆದರು.

ಧನಪಾಲ ಎದುರಿನ ಕಟ್ಟೆಗೆ ಹೋಗಿ ಕುಂತ. ಅಲ್ಲಿ ಅಪ್ಪಾಸಾಬರು ಪಟ್ಟಿ ಕಟ್ಟಿದ ಕೈ ತೊಡೆಯ ಮೇಲಿಟ್ಟುಕೊಂಡು ಕುಂತಿದ್ದರು. ಒಳಗಿನಿಂದ ನೀರು ಹೊಯ್ಯುವ ಸಪ್ಪಳ ಕೇಳುತ್ತಿತ್ತು.

"ಯಾಕಪಾ, ಹೊರಗ ಬಂದಿ?" ಎಂದು ಅಪ್ಪಾಸಾಬರು ಅವನ ಬೆನ್ನ ಮೇಲೆ ಕೈ ಇಟ್ಟರು. "ಹೋಗು ಒಳಗ. ಇಂಥಾ ಪುಣ್ಯಾ ಯಾವಾಗ ಸಿಗತೈತಿ?"

"ಮೂತಿ ಹಿಡಿಬ್ಯಾಡ್ರಿ ಅಂತ ನಾ ನಿಮಗ ಹೇಳಲಿಲ್ಲ ಕಾಕಾ," ಅಂದ ಧನಪಾಲ. "ನೀವು ಹಿಡಿದದ್ದು ನೋಡಿದೆ. ಬೇಕಂತ ಹೇಳಲಿಲ್ಲ."

ಬೆನ್ನ ಮೇಲಿದ್ದ ಅಪ್ಪಾಸಾಬರ ಕೈ ಮೆಲ್ಲಗೆ ಎದ್ದುಹೋಯಿತು. ಆಮೇಲೆ ಅವರು ತಮ್ಮ ಧೋತರದ ಚುಂಗು ಅವನಿಗೆ ತಾಗದಂತೆ ಎಳೆದುಕೊಂಡು, ಕಟ್ಟೆಯ ಆ ತುದಿಗೆ ಸರಿದು ಕುಂತರು.